ಪ್ರೂಫ್ ನಾಣ್ಯದಲ್ಲಿ ಎರರ್ ಇದೆ ಎಂದರೆ ಬೆಲೆ ಕಟ್ಟುವುದು ಹೇಗೆ?

ವಿರಾಜಪೇಟೆ_ಸಂಗ್ರಹ

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಮನೆಯ ನಾಣ್ಯ ಸಂಗ್ರಹ ಮೂವರ ನಡುವೆ ಪಾಲಾಗಬೇಕಿದೆ. ಉಳಿದವಕ್ಕೆ ಬೆಲೆ ಕುದುರಿದೆ, ನಾಲ್ಕಕ್ಕೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

1970ರ ಅಮೆರಿಕದ ಪ್ರೂಫ್ ಸೆಟ್ ಒಂದಿದೆ, ಅಂದರೆ ಸಂಗ್ರಾಹಕರಿಗಾಗಿ ವಿಶೇಷವಾಗಿ ಟಂಕಿಸಿದ ನಾಣ್ಯಗಳ ಡಬ್ಬಿ. ಅದರ ಡೈಮ್‌ನಲ್ಲಿ, ಅಂದರೆ 10 ಸೆಂಟ್ ನಾಣ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತಾದ ಎಸ್ ಅಕ್ಷರ ಇಲ್ಲ. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ಬೆಳ್ಳಿ ನಾಣ್ಯ ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಪ್ರೂಫ್‌ಗೆ ಇರಬೇಕಾದ ಬಾಂಬೆ ಟಂಕಸಾಲೆಯ ಬಿ ಚಿಹ್ನೆ ಇಲ್ಲ. ಮೂರನೆಯದು ಐದನೇ ಜಾರ್ಜ್‌ನ 1911ರ ರೂಪಾಯಿ, ಜೊತೆಗಿರುವ ಹಳೇ ಚೀಟಿಯಲ್ಲಿ ‘ಪ್ರೂಫ್’ ಎಂದು ಬರೆದಿದೆ. ನಾಲ್ಕನೆಯದು ಪತ್ತಾಕ್ ಎಂಬ ಕೊಡವ ಹಾರದಿಂದ ಬಿಚ್ಚಿದ 1902ರ ಸವರನ್, ಅಂದರೆ ಬ್ರಿಟಿಷ್ ಚಿನ್ನದ ನಾಣ್ಯ. ಮೇಲ್ಮೈ ಮಂಕಾಗಿದೆ, ಅದು ಮ್ಯಾಟ್ ಪ್ರೂಫ್ ಎಂದು ಒಬ್ಬರ ವಾದ.

ಪಾಲುದಾರರಿಗೆ ಬರವಣಿಗೆಯಲ್ಲಿ ಕೊಡಬಹುದಾದಂಥ ಲೆಕ್ಕ ಬೇಕು. ಎಲ್ಲಿಂದ ಶುರು ಮಾಡುವುದು?

ಮಡಿಕೇರಿ_ಲೂಪ್

ಬೆಲೆಯ ಮಾತು ಆಮೇಲೆ. ಪ್ರತಿ ನಾಣ್ಯಕ್ಕೂ ಮೊದಲು ಎರಡು ಪ್ರಶ್ನೆ ಕೇಳಿ. ಇದು ನಿಜಕ್ಕೂ ಪ್ರೂಫೇ? ಕಾಣುವ ವ್ಯತ್ಯಾಸ ಟಂಕಸಾಲೆಯ ಒಳಗೇ ಆದದ್ದೇ? ಎರಡಕ್ಕೂ ಹೌದು ಎನ್ನಲು ಆಗದಿದ್ದರೆ ಯಾವ ಹರಾಜಿನ ದಾಖಲೆ ತೋರಿಸಿಯೂ ಪ್ರಯೋಜನ ಇಲ್ಲ.

ಪ್ರೂಫ್ ಎಂದರೆ ತಯಾರಿಕೆಯ ಒಂದು ಕ್ರಮ. ಅಚ್ಚನ್ನೂ ಬಿಲ್ಲೆಯನ್ನೂ ಪಾಲಿಶ್ ಮಾಡಿ, ಹೆಚ್ಚು ಒತ್ತಡದಲ್ಲಿ, ಸಾಮಾನ್ಯವಾಗಿ ಎರಡು ಸಲ ಒತ್ತಿ ಮಾಡಿದ್ದು. ಹಾಗಾಗಿ ಅಂಚಿನ ಏಣು ಚೌಕವಾಗಿ ನಿಲ್ಲುತ್ತದೆ, ಅಕ್ಷರದ ಗೋಡೆ ನೆಟ್ಟಗೆ ಇಳಿಯುತ್ತದೆ, ಚಿತ್ರ, ಅಕ್ಷರ ಇಲ್ಲದ ಬಯಲು ಭಾಗ ಕನ್ನಡಿ, ಉಬ್ಬು ಭಾಗ ಹಲವು ಸಲ ಬಿಳಿಯ ಮಂಜು ಹಿಡಿದಂತೆ. ಚಲಾವಣೆಯ ನಾಣ್ಯವನ್ನು ಉಜ್ಜಿ ಹೊಳಪು ತಂದಿದ್ದರೆ ಹೊಳಪು ಬಯಲಿನಲ್ಲೂ ಅಕ್ಷರದ ತಲೆಯ ಮೇಲೂ ಒಂದೇ ಥರ ಇರುತ್ತದೆ, ಅಕ್ಷರದ ಮೂಲೆ ಗುಂಡಾಗಿರುತ್ತದೆ, ಕೂದಲೆಳೆಯ ಗೀರುಗಳು ಬಯಲಿನಿಂದ ಹೊರಟು ಅಕ್ಷರವನ್ನು ಹತ್ತಿ ಆಚೆ ಇಳಿದು ಹೋಗುತ್ತವೆ. ಟಂಕಸಾಲೆಯ ಪಾಲಿಶ್ ಗೆರೆ ಹಾಗೆ ಹೋಗದು. ಅಚ್ಚಿನಲ್ಲಿ ಗೀರಿದ್ದು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಬರುತ್ತದೆ, ಅಕ್ಷರದ ಬುಡದಲ್ಲೇ ನಿಲ್ಲುತ್ತದೆ. ಗೆರೆ ತಗ್ಗೋ ಉಬ್ಬೋ ಎಂಬುದೊಂದನ್ನು ನೋಡಲು ಕಲಿತರೆ ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ.

ಬೇಕಾದ ಸಾಮಾನು: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕೈ ಭೂತಗನ್ನಡಿ), ಒಂದೇ ಎಲ್‌ಇಡಿ ದೀಪ, 0.01 ಗ್ರಾಂ ತೋರಿಸುವ ತಕ್ಕಡಿ, ಡಿಜಿಟಲ್ ಕ್ಯಾಲಿಪರ್. ದೀಪವನ್ನು ಓರೆಯಾಗಿಟ್ಟು ನಾಣ್ಯವನ್ನು ನಿಧಾನ ತಿರುಗಿಸಿ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಕೆಳಗೆ ಮೆತ್ತನೆಯ ಬಟ್ಟೆ ಇರಲಿ. ಪ್ರೂಫ್ ಮೇಲೆ ಬಿದ್ದ ಬೆರಳಚ್ಚು ಕೆಲವೇ ತಿಂಗಳಲ್ಲಿ ಲೋಹವನ್ನು ತಿಂದು ಶಾಶ್ವತವಾಗಿ ಕೂರುತ್ತದೆ. ಕ್ಯಾಲಿಪರ್‌ನ ಬಾಯನ್ನೂ ಅಂಚಿಗೆ ಒತ್ತಿ ಹಿಡಿಯಬೇಡಿ. ಸೀಲ್ ಆದ ಡಬ್ಬಿ ಇದ್ದರೆ ಒಡೆಯಲೇಬೇಡಿ.

ಕುಶಾಲನಗರ_ಮಿಂಟ್‌ಮಾರ್ಕ್

ಡೈಮ್ ಬಗ್ಗೆ ನಾನು ಹೇಳುತ್ತೇನೆ. ನಾಲ್ಕರಲ್ಲಿ ನಿಜವಾಗಿ ಏನಾದರೂ ಆಗುವ ಸಾಧ್ಯತೆ ಅದಕ್ಕೇ ಹೆಚ್ಚು.

ಆಗ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಪ್ರೂಫ್ ಅಚ್ಚುಗಳು ತಯಾರಾಗುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ. ಎಸ್ ಅಕ್ಷರವನ್ನು ಪ್ರತಿ ಅಚ್ಚಿಗೂ ಕೈಯಿಂದ ಪಂಚ್ ಮಾಡುತ್ತಿದ್ದರು. ಒಂದು ಅಚ್ಚಿಗೆ ಪಂಚ್ ಮರೆತರೆ ಆ ಅಚ್ಚಿನಿಂದ ಬಂದ ಅಷ್ಟೂ ನಾಣ್ಯ ಎಸ್ ಇಲ್ಲದೆ ಬರುತ್ತವೆ. 1968, 1970, 1975, 1983ರ ಡೈಮ್‌ಗಳು, 1971ರ 5 ಸೆಂಟ್ ಹೀಗೆ ಹೊರಬಂದವು. ಹೆಸರು ಒಂದೇ ಆದರೂ ಬೆಲೆ ಒಂದೇ ಅಲ್ಲ. 1975ರದ್ದು ಎರಡೇ ಎರಡು ಗೊತ್ತಿರುವುದು, ಅದರಲ್ಲೊಂದು 2019ರ ಹರಾಜಿನಲ್ಲಿ 4,56,000 ಡಾಲರ್‌ಗೆ ಹೋಯಿತು. 1970ರದ್ದು ಸುಮಾರು 2,200 ಎಂಬ ಅಂದಾಜಿದೆ, ಹಾಗಾಗಿ ಅದರ ಬೆಲೆ ನೂರಾರು ಡಾಲರ್ ಮಟ್ಟದ್ದು. 1975ರ ಸುದ್ದಿ ಓದಿದವರು 1970ರದ್ದಕ್ಕೂ ಅದೇ ಲೆಕ್ಕ ಹಾಕಿದರೆ ಪಾಲು ಕೆಡುತ್ತದೆ.

ಇನ್ನು ಎಲ್ಲಿ ಮೋಸ ಹೋಗುತ್ತೇವೆ ಎಂದರೆ, ಫಿಲಡೆಲ್ಫಿಯಾದ ಚಲಾವಣೆಯ 1970ರ ಡೈಮ್‌ನಲ್ಲಿ ಯಾವ ಅಕ್ಷರವೂ ಇಲ್ಲ. ಎಸ್ ಇಲ್ಲ ಎಂಬುದಷ್ಟೇ ಸಾಲದು, ನಾಣ್ಯ ಪ್ರೂಫ್ ಎಂಬುದೂ ಸಾಬೀತಾಗಬೇಕು. ಇಸವಿಯ ಮೇಲ್ಭಾಗದಲ್ಲಿ, ಎಸ್ ಇರಬೇಕಾದ ಜಾಗವನ್ನು ಲೂಪ್‌ನಲ್ಲಿ ನೋಡಿ. ಅಕ್ಷರ ಕೆರೆದು ತೆಗೆದಿದ್ದರೆ ಆ ಜಾಗದಲ್ಲಿ ಮಾತ್ರ ಕನ್ನಡಿ ಅಲುಗಿದಂತೆ, ಸಣ್ಣ ತಗ್ಗಿನಂತೆ ಕಾಣುತ್ತದೆ. ಡಬ್ಬಿಯ ಅಂಚಿನ ಬೆಸುಗೆಯನ್ನು ಸುತ್ತಲೂ ಪರೀಕ್ಷಿಸಿ. ಚಾಕು ತುರುಕಿದ ಗುರುತು, ಅಂಟಿನ ಹನಿ, ಬಿಳಿಚಿದ ಬಿರುಕು ಇದ್ದರೆ ಒಳಗಿನ ನಾಣ್ಯ ಬದಲಾಗಿರಬಹುದು. ಉಳಿದ ನಾಲ್ಕು ನಾಣ್ಯಗಳಲ್ಲೂ ಎಸ್ ಇರಬೇಕು. ಬೆಸುಗೆ ಗಟ್ಟಿಯಾಗಿದ್ದರೆ ಅದೇ ದೊಡ್ಡ ಸಾಕ್ಷಿ. ಡಬ್ಬಿ ಸಮೇತ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದಿಡಿ.

ಇದೇ ದೇಶದ ಬೇರೆ ಸೆಟ್ ಇದ್ದರೆ ಅವನ್ನೂ ತೆಗೆದು ನೋಡಿ. 1979 ಮತ್ತು 1981ರ ಪ್ರೂಫ್‌ಗಳಲ್ಲಿ ಎಸ್ ಅಕ್ಷರದ ಆಕಾರ ಎರಡು ಬಗೆ. 1979ರ ಮೊದಲ ಬಗೆಯಲ್ಲಿ ಎಸ್ ಮುಚ್ಚಿಹೋದ ಮುದ್ದೆ, ಎರಡನೆಯದರಲ್ಲಿ ಸ್ಪಷ್ಟ ಎಸ್. ಬೆಲೆ ಎರಡನೆಯದಕ್ಕೆ. ಆದರೆ ‘ಎರಡನೇ ಬಗೆಯ ಸೆಟ್’ ಎಂಬ ಬೆಲೆ ಸಿಗಬೇಕಾದರೆ ಆರೂ ನಾಣ್ಯ ಆ ಬಗೆಯವೇ ಆಗಿರಬೇಕು, ಒಂದೆರಡು ಇದ್ದರೆ ಆ ನಾಣ್ಯಗಳಿಗಷ್ಟೇ ಹೆಚ್ಚು. 1998 ಮತ್ತು 1999ರ ಪ್ರೂಫ್ 1 ಸೆಂಟ್‌ಗಳಲ್ಲಿ ಹಿಂಬದಿಯ ‘ಅಮೆರಿಕ’ ಪದದ ಎ ಮತ್ತು ಎಂ ಅಕ್ಷರಗಳ ನಡುವಿನ ಸಂದು ನೋಡಿ. ಪ್ರೂಫ್‌ಗೆ ಅಗಲ ಸಂದು ಸಹಜ. ಎರಡೂ ಅಕ್ಷರ ಬುಡದಲ್ಲಿ ತಾಗುವಷ್ಟು ಹತ್ತಿರ ಇದ್ದರೆ ಚಲಾವಣೆಯ ವಿನ್ಯಾಸದ ಅಚ್ಚು ಪ್ರೂಫ್‌ಗೆ ಹೋಗಿದೆ ಎಂದರ್ಥ. ಅದಕ್ಕೆ ಒಳ್ಳೇ ಬೇಡಿಕೆ ಇದೆ.

ಗೋಣಿಕೊಪ್ಪ_ಬೆಳ್ಳಿ

10 ರೂಪಾಯಿಗೆ ಬರೋಣ. ಡೈಮ್‌ನಲ್ಲಿ ಫಿಲಡೆಲ್ಫಿಯಾ ಮಾಡುವ ಮೋಸವನ್ನೇ ಇಲ್ಲಿ ಕಲ್ಕತ್ತಾ ಮಾಡುತ್ತದೆ. ಬಾಂಬೆ ಟಂಕಸಾಲೆಯ ಪ್ರೂಫ್‌ಗೆ 1969ರಿಂದ ಬಿ, 1996ರಿಂದ ಎಂ. ಬಾಂಬೆಯ ಸಾಮಾನ್ಯ ನಾಣ್ಯಕ್ಕೆ ವಜ್ರಾಕೃತಿ. ಕಲ್ಕತ್ತಾ ನಾಣ್ಯಕ್ಕೆ ಚಿಹ್ನೆಯೇ ಇಲ್ಲ. ಹಾಗಾಗಿ ‘ಬಿ ಇಲ್ಲದ ಪ್ರೂಫ್, ಎರರ್’ ಎಂದು ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಉಜ್ಜಿದ ಕಲ್ಕತ್ತಾ ನಾಣ್ಯ.

ತೂಕ ಇಲ್ಲಿ ಸಹಾಯ ಮಾಡದು. ಪ್ರೂಫ್ ಇರಲಿ ಸಾಮಾನ್ಯ ಇರಲಿ, 15 ಗ್ರಾಂ, 34 ಮಿ.ಮೀ., ಶೇ. 80 ಬೆಳ್ಳಿ. ತೀರ್ಮಾನ ಏನಿದ್ದರೂ ಮೇಲ್ಮೈಯಿಂದ. ಮಡಿಕೇರಿಯವರು ಹೇಳಿದ ಅಂಚಿನ ಏಣು, ಅಕ್ಷರದ ಗೋಡೆ ನೋಡಿ. ಒಂದು ಸಾಲು ಮುದ್ರಿತ ಅಕ್ಷರವನ್ನು ನಾಣ್ಯದಿಂದ 5–10 ಸೆಂ.ಮೀ. ದೂರ ಹಿಡಿದು ಬಯಲಿನಲ್ಲಿ ಪ್ರತಿಬಿಂಬ ಓದಿ. ಉಜ್ಜಿದ್ದರಲ್ಲಿ ಅಕ್ಷರ ಅಲೆಯಲೆಯಾಗಿ ಚದುರುತ್ತದೆ. ನಿಜವಾದ ಬಿ ಪ್ರೂಫ್ ಒಂದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು. ಎರಡರ ನಡುವೆ ಅಚ್ಚಿನ ಪಾಲಿಶ್ ಗೆರೆ, ಸಣ್ಣ ಚುಕ್ಕಿ ಹೊಂದಿಕೆಯಾದರೆ ಆಗ ಮಾತಾಡಬಹುದು. ಹೊಂದದಿದ್ದರೆ ಬೆಳ್ಳಿಯ ಬೆಲೆ: 15 ಗ್ರಾಂನಲ್ಲಿ ಶುದ್ಧ ಬೆಳ್ಳಿ 12 ಗ್ರಾಂ.

ಯಾರ ಮನೆಯಲ್ಲೇ ಆಗಲಿ ಹಳೇ ಬೆಳ್ಳಿ ಕಂಡ ಕೂಡಲೇ ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟ್ ಹಿಡಿದು ಕೂರುವುದಿದೆ. ದಯವಿಟ್ಟು ಬೇಡ. ದೀಪಕ್ಕೆ, ತಟ್ಟೆಗೆ ಅದು ಸರಿ. ಪ್ರೂಫ್ ಒಂದನ್ನು ಒಮ್ಮೆ ಉಜ್ಜಿದರೆ ಗ್ರೇಡಿಂಗ್‌ನವರು, ಅಂದರೆ ನಾಣ್ಯದ ಸ್ಥಿತಿಗೆ ಅಂಕ ಕೊಡುವ ಸಂಸ್ಥೆಯವರು, ಅಂಕಿ ಕೊಡದೆ ‘ಶುಚಿಗೊಳಿಸಿದ್ದು’ ಎಂದು ಬರೆದು ಕಳಿಸುತ್ತಾರೆ, ಎರರ್ ನಿಜವೇ ಆಗಿದ್ದರೂ ಬೆಲೆ ನೆಲಕ್ಕೆ ಬೀಳುತ್ತದೆ.

ವಿರಾಜಪೇಟೆ_ಸಂಗ್ರಹ

ಅದೇ 10 ರೂಪಾಯಿಯ ದೇವನಾಗರಿ ಅಕ್ಷರಗಳ ಬಲಕ್ಕೆ ಇನ್ನೊಂದು ಗೆರೆ ಕಾಣುತ್ತಿದೆ. ಡಬಲ್ ಡೈ ಆಗಿರಬಹುದೇ?

ಮಡಿಕೇರಿ_ಲೂಪ್

ಡಬಲ್ ಡೈ ಎಂದು ಹೇಳುವ ಮೊದಲು ಗೆರೆಯ ಎತ್ತರ ನೋಡಿ. ಒತ್ತಿದ ಮೇಲೆ ಅಚ್ಚು ಸಡಿಲವಾಗಿ ಒಂದಿಷ್ಟು ಸರಿದರೆ ಆಗಷ್ಟೇ ಮೂಡಿದ ಅಕ್ಷರದ ಒಂದು ಬದಿ ಚಪ್ಪಟೆಯಾಗುತ್ತದೆ. ಮೆಟ್ಟಿಲಿನಂಥ ಆ ಚಪ್ಪಟೆ ಗೆರೆ ಬಯಲಿಗೆ ಹತ್ತಿರ, ತಗ್ಗಿನಲ್ಲಿರುತ್ತದೆ, ಮೂಲ ಅಕ್ಷರ ಆ ಬದಿಯಲ್ಲಿ ಸಣಕಲಾಗುತ್ತದೆ. ಇದು ಯಂತ್ರದ ಸರಿತ, ಎರಡು ಸಲ ಒತ್ತುವ ಪ್ರೂಫ್‌ಗಳಲ್ಲೂ ಬೇಕಾದಷ್ಟು ಸಿಗುತ್ತದೆ. ಹೆಚ್ಚುವರಿ ಬೆಲೆ ಇಲ್ಲ.

ನಿಜವಾದ ಡಬಲ್ ಡೈಯಲ್ಲಿ ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸ್ಥಾನದಲ್ಲಿ ಕೂತಿರುತ್ತದೆ. ಎರಡನೇ ಚಿತ್ರವೂ ಗುಂಡಗೆ, ಮೊದಲಿನಷ್ಟೇ ಎತ್ತರಕ್ಕೆ ನಿಲ್ಲುತ್ತದೆ, ಅಕ್ಷರ ದಪ್ಪವಾಗುತ್ತದೆ, ತುದಿಗಳಲ್ಲಿ ಸೀಳು ಕಾಣುತ್ತದೆ. ದೇವನಾಗರಿಯಲ್ಲಿ ಇದನ್ನು ಹುಡುಕಲು ಶಿರೋರೇಖೆಯ ಎರಡು ಕೊನೆಗಳೇ ಒಳ್ಳೇ ಜಾಗ. ಕೊನೆ ಕವಲೊಡೆದಿದ್ದರೆ ಆಸೆ ಇಟ್ಟುಕೊಳ್ಳಿ. 1960ರ ಅಮೆರಿಕದ ಪ್ರೂಫ್ 1 ಸೆಂಟ್‌ನಲ್ಲಿ ದೊಡ್ಡ ಇಸವಿಯ ಮೇಲೆ ಸಣ್ಣ ಇಸವಿ ಕೂತದ್ದು ಇಂಥ ಡಬಲ್ ಡೈ. ಅದರ ದೊಡ್ಡದಾಗಿಸಿದ ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಿದರೆ ಕಣ್ಣು ಪಳಗುತ್ತದೆ.

ಅಚ್ಚಿನಲ್ಲಿರುವ ವ್ಯತ್ಯಾಸ ಆ ಅಚ್ಚಿನ ಎಲ್ಲ ನಾಣ್ಯದಲ್ಲೂ ಮರುಕಳಿಸುತ್ತದೆ. ಅದು ವೆರೈಟಿ, ಕ್ಯಾಟಲಾಗ್ ಸಂಖ್ಯೆ ಇರುತ್ತದೆ, ಹಳೇ ಮಾರಾಟ ಸಿಗುತ್ತದೆ. ಒತ್ತುವಾಗ ಆದದ್ದು ಒಂದೇ ನಾಣ್ಯದ್ದು. ಬೇರೆ ನಾಣ್ಯದ ಬಿಲ್ಲೆಯ ಮೇಲೆ ಒತ್ತಿದ್ದು, ಅಂಚನ್ನು ಹಿಡಿದಿಡುವ ಉಂಗುರವಾದ ಕಾಲರ್‌ನಿಂದ ಹೊರಗೆ ಒತ್ತಿದ್ದು, ಮಧ್ಯ ತಪ್ಪಿದ್ದು ಇವಕ್ಕೆ ಅದೇ ಮುಖಬೆಲೆಯ, ಅದೇ ಬಗೆಯ ಇನ್ನೊಂದು ಪ್ರೂಫ್ ಎರರ್ ಎಷ್ಟಕ್ಕೆ ಹೋಯಿತು ಎಂಬುದೇ ಅಳತೆಗೋಲು. ಪ್ರೂಫ್‌ಗಳನ್ನು ಒಂದೊಂದಾಗಿ ನೋಡಿ ಡಬ್ಬಿಗೆ ಹಾಕುವುದರಿಂದ ಇಂಥವು ಹೊರಬರುವುದು ಬಹಳ ಕಡಿಮೆ, ಆದ್ದರಿಂದಲೇ ಚಲಾವಣೆಯ ಎರರ್‌ಗಿಂತ ಬೆಲೆ ಎಷ್ಟೋ ಪಟ್ಟು. ಮಧ್ಯ ತಪ್ಪಿದ್ದರಲ್ಲಿ ಇಸವಿಯೂ ಟಂಕ ಚಿಹ್ನೆಯೂ ಉಳಿದಿರಬೇಕು, ಇಲ್ಲದಿದ್ದರೆ ಬೇಡಿಕೆ ಇಳಿಯುತ್ತದೆ. ಅಚ್ಚು ಒರೆಸಿದ ಬಟ್ಟೆಯ ನೂಲು ಸಿಕ್ಕಿ ಬಿದ್ದ ಸಣ್ಣ ತಗ್ಗು ಗೆರೆಗೆ ಏನೂ ಸಿಗದು, ಬದಲಿಗೆ ಗ್ರೇಡ್ ಇಳಿಯಬಹುದು.

ಸೋಮವಾರಪೇಟೆ_ಟಂಕ

1911ರ ರೂಪಾಯಿ. ಇದರ ಜೊತೆ ‘ಹಂದಿ ರೂಪಾಯಿ’ ಎಂಬ ಕಥೆ ಬಂದೇ ಬರುತ್ತದೆ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ 1912ರಿಂದ ಚಿತ್ರ ತಿದ್ದಿದರು. ಅದು ವಿನ್ಯಾಸದ ಬದಲಾವಣೆ, ಟಂಕಸಾಲೆಯ ಎರರ್ ಅಲ್ಲ. 1911ರ ಎಲ್ಲ ರೂಪಾಯಿಯೂ ಹಾಗೇ. ಎರರ್ ಎಂದು ಪಟ್ಟಿಗೆ ಸೇರಿಸಬೇಡಿ.

ನೋಡಬೇಕಾದದ್ದು ಬೇರೆ. ಬ್ರಿಟಿಷ್ ಇಂಡಿಯಾದ ಪ್ರೂಫ್‌ಗಳಲ್ಲಿ ಮೂಲ ಕಾಲದ್ದು, ಆಮೇಲೆ ಸಂಗ್ರಾಹಕರಿಗಾಗಿ ಹಳೇ ಅಚ್ಚಿನಿಂದ ಮರುಟಂಕಿಸಿದ್ದು ಎಂದು ಎರಡು ಇವೆ, ಬೆಲೆಯಲ್ಲಿ ದೊಡ್ಡ ಅಂತರ. ಬಹುಕಾಲ ಇಟ್ಟ ಅಚ್ಚಿಗೆ ತುಕ್ಕು ಹಿಡಿದು ಗುಳಿ ಬೀಳುತ್ತದೆ, ಆ ಗುಳಿ ನಾಣ್ಯದ ಮೇಲೆ ಉಬ್ಬಿದ ಸಣ್ಣ ಗುಳ್ಳೆಯಾಗಿ ಮೂಡುತ್ತದೆ. ಕನ್ನಡಿಯಂಥ ಬಯಲಿನಲ್ಲಿ ಗುಳ್ಳೆ, ಅಕ್ಷರದಿಂದ ಅಂಚಿಗೆ ಓಡುವ ಉಬ್ಬು ಬಿರುಕು ಕಂಡರೆ ಮರುಟಂಕಿತ ಎಂದೇ ಮೊದಲು ಅನುಮಾನಿಸಿ. ಚೀಟಿಯಲ್ಲಿ ‘ಪ್ರೂಫ್’ ಎಂದಷ್ಟೇ ಇದ್ದರೆ ಅದು ಎರಡಕ್ಕೂ ಹೊಂದುತ್ತದೆ. ತೂಕ 11.66 ಗ್ರಾಂ ಹತ್ತಿರ ಇರಬೇಕು.

ಮುಂಬದಿ ಒಂದು ಕಾಲದ್ದು, ಹಿಂಬದಿ ಇನ್ನೊಂದು ಕಾಲದ್ದು ಸೇರಿದ ಮರುಟಂಕಿತಗಳೂ ಇವೆ. ಅವನ್ನು ಎರರ್ ಪಟ್ಟಿಯಲ್ಲಿ ಮಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸಲ್ಲದು. ಕೇಳಿದವರಿಗೆ ಕೈಗೆ ಸಿಕ್ಕ ಅಚ್ಚು ಜೋಡಿಸಿ ಒತ್ತಿಕೊಟ್ಟದ್ದನ್ನು ತಪ್ಪು ಎನ್ನಲಾಗದು.

ಕುಶಾಲನಗರ_ಮಿಂಟ್‌ಮಾರ್ಕ್

ಸೋಮವಾರಪೇಟೆ ಸರ್, ಇದನ್ನು ಪೂರ್ತಿ ಒಪ್ಪಲಾರೆ. ಉದ್ದೇಶ ಏನೇ ಇರಲಿ, ಆ ಜೋಡಿ ಟಂಕಸಾಲೆಯಿಂದಲೇ ಬಂದಿದೆ, ಸಂಖ್ಯೆ ಕಡಿಮೆ, ಕೊಳ್ಳುವವರು ಗೊತ್ತಿದ್ದೇ ಹಣ ಕೊಡುತ್ತಾರೆ. ‘ಎರರ್’ ಎಂಬ ಹಣೆಪಟ್ಟಿ ಬೇಡ ಎನ್ನಿ, ಸರಿ. ಆದರೆ ಬೆಲೆಯನ್ನು ಸಾಮಾನ್ಯ ಮರುಟಂಕಿತದ ಮಟ್ಟಕ್ಕೆ ಇಳಿಸಿದರೆ ಪಾಲುದಾರರಿಗೆ ನಷ್ಟ.

ಸೋಮವಾರಪೇಟೆ_ಟಂಕ

ಬೆಲೆಯ ಮಾತಿಗೆ ಒಪ್ಪಿದೆ. ಪಟ್ಟಿಯಲ್ಲಿ ‘ಮರುಟಂಕಿತ, ಬೆರಕೆ ಅಚ್ಚು’ ಎಂದು ಬರೆಯಲಿ, ಕೊಳ್ಳುವವರಿಗೂ ಗೊಂದಲ ಇರದು.

ನಾಪೋಕ್ಲು_ಹೊಸಬ

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ವೈಷ್ಣೋದೇವಿಯ 5 ರೂಪಾಯಿಗೆ ಲಕ್ಷಗಟ್ಟಲೆ ಎಂದು ವಿಡಿಯೋ ಬರುತ್ತಿದೆ. ಹಾಗೆಯೇ 1837ರ ಕೊಡಗು ಪದಕ ಇದ್ದರೆ ಅದಕ್ಕೂ ಇದೇ ಲೆಕ್ಕವೇ?

ಗೋಣಿಕೊಪ್ಪ_ಬೆಳ್ಳಿ

ವಿಡಿಯೋ ಬಿಟ್ಟುಬಿಡಿ. 2012ರ ಆ ನಾಣ್ಯ ಚಲಾವಣೆಗೇ ಬಂದದ್ದು. ಹಳೇ ನೋಟು ನಾಣ್ಯ ಕೊಳ್ಳುತ್ತೇವೆ ಎಂದು ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮಾರುವವರಿಂದ ಮುಂಗಡ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಕೊಡಗು ಪದಕ ನಾಣ್ಯವಲ್ಲ, ಕಂಪನಿ ಸರ್ಕಾರ ಕೊಟ್ಟ ಪದಕ, ಒಂದು ಬದಿ ಕನ್ನಡ ಬರಹ ಇದೆ. ಅದರಲ್ಲೂ ಮೂಲ ಮತ್ತು ಮರುಟಂಕಿತ ಎಂಬ ಪ್ರಶ್ನೆ ಬರುತ್ತದೆ, ಜೊತೆಗೆ ಯಾವ ಮನೆತನಕ್ಕೆ ಸಿಕ್ಕಿತು ಎಂಬ ದಾಖಲೆಗೆ ಬಹಳ ತೂಕ. ಕಾಗದಪತ್ರ ಇದ್ದರೆ ಪದಕದಿಂದ ಬೇರೆ ಮಾಡಬೇಡಿ.

ಪೊನ್ನಂಪೇಟೆ_ಸವರನ್

ಸವರನ್‌ಗೆ ಬರುತ್ತೇನೆ. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಮಾಡಿದ ಪ್ರೂಫ್‌ಗಳು ಮ್ಯಾಟ್ ಎಂಬುದು ನಿಜ, ಕನ್ನಡಿ ಇಲ್ಲ. ಅದಕ್ಕೇ ಮಂಕಾದ ಯಾವ 1902 ಕಂಡರೂ ಮ್ಯಾಟ್ ಪ್ರೂಫ್ ಎನ್ನುತ್ತಾರೆ. ಸಾಮಾನ್ಯ ಸವರನ್‌ನ ಬಯಲಿನಲ್ಲಿ ಲೋಹ ಮಧ್ಯದಿಂದ ಅಂಚಿಗೆ ಹರಿದ ಸಣ್ಣ ಗೆರೆ ಕಾಣುತ್ತದೆ, ದೀಪ ತಿರುಗಿಸಿದಂತೆ ಹೊಳಪು ಸುತ್ತುತ್ತದೆ. ಮ್ಯಾಟ್ ಪ್ರೂಫ್‌ನಲ್ಲಿ ಸಮನಾದ ನುಣ್ಣನೆಯ ಹರಳು ಮೇಲ್ಮೈ, ಜೊತೆಗೆ ಚೂಪಾದ ಅಂಚು. ಆಭರಣದ ಬೆಂಕಿ, ಆಮ್ಲ, ಪಾಲಿಶ್ ಕಂಡ ನಾಣ್ಯವೂ ಮಂಕಾಗುತ್ತದೆ, ಆದರೆ ಅದರ ಅಂಚು ಸವೆದಿರುತ್ತದೆ, ಉಬ್ಬಿನ ತುದಿ ಗುಂಡಾಗಿರುತ್ತದೆ.

ಪತ್ತಾಕ್‌ನಿಂದ ಬಿಚ್ಚಿದ್ದು ಎಂದಿರಿ. ಅಂಚನ್ನು ಗಡಿಯಾರದ ಮುಖ ಎಂದುಕೊಂಡು ಸುತ್ತಲೂ ಲೂಪ್‌ನಲ್ಲಿ ನೋಡಿ, ಮುಖ್ಯವಾಗಿ 12 ಗಂಟೆಯ ಜಾಗ. ಬೆಸುಗೆ ಕೂತಿದ್ದರೆ ಅಂಚಿನ ಗೆರೆಗಳು ಮುಚ್ಚಿರುತ್ತವೆ ಅಥವಾ ಅರದಿಂದ ತಿಕ್ಕಿದ ಚಪ್ಪಟೆ ಜಾಗ ಇರುತ್ತದೆ. ತೂಕ 7.98 ಗ್ರಾಂಗಿಂತ ಹೆಚ್ಚಿದ್ದರೆ ಬೆಸುಗೆ ಉಳಿದಿದೆ, ಕಡಿಮೆ ಇದ್ದರೆ ಅರ ಆಡಿದೆ. ವ್ಯಾಸ 22.05 ಮಿ.ಮೀ. ಬೆಸುಗೆ ಕಂಡ ನಾಣ್ಯ ಮ್ಯಾಟ್ ಪ್ರೂಫ್ ಆಗಿದ್ದರೂ ಆ ಬೆಲೆಯ ಹತ್ತಿರ ಹೋಗದು. ಸಾಮಾನ್ಯದ್ದೇ ಆದರೆ ಶುದ್ಧ ಚಿನ್ನ 7.32 ಗ್ರಾಂ, ಅದನ್ನು ಆ ದಿನದ 24 ಕ್ಯಾರೆಟ್ ದರಕ್ಕೆ ಗುಣಿಸಿ. ನನ್ನ ಮನವಿ ಒಂದೇ: ಇನ್ನೂ ಯಾರಾದರೂ ಎರರ್ ಇರಬಹುದೆಂದು ಪತ್ತಾಕ್‌ನಿಂದ ನಾಣ್ಯ ಬಿಚ್ಚಲು ಹೊರಟಿದ್ದರೆ ಬಿಚ್ಚಬೇಡಿ. ಹಳೇ ಪತ್ತಾಕ್ ಇಡಿಯಾಗಿ ಇದ್ದಾಗಲೇ ಅದಕ್ಕೆ ಹೆಚ್ಚು ಬೆಲೆ, ಹೆಚ್ಚು ಮರ್ಯಾದೆ.

ಕುಶಾಲನಗರ_ಮಿಂಟ್‌ಮಾರ್ಕ್

ಈಗ ಬೆಲೆ. ಅದೇ ಇಸವಿ, ಅದೇ ಗ್ರೇಡಿನ ಎರರ್ ಇಲ್ಲದ ಪ್ರೂಫ್ ಎಷ್ಟು ಎಂಬುದು ತಳಪಾಯ. ಅದರ ಮೇಲೆ ವೆರೈಟಿಯ ನಿಜವಾದ ಮಾರಾಟಗಳು. ‘ಇಷ್ಟಕ್ಕೆ ಮಾರಾಟಕ್ಕಿದೆ’ ಎಂಬ ಪ್ರಕಟಣೆ ಲೆಕ್ಕಕ್ಕಿಲ್ಲ, ಮುಗಿದ ಹರಾಜು ಮಾತ್ರ. ಕನಿಷ್ಠ ಮೂರು ದಾಖಲೆ ಇರಲಿ, ಗ್ರೇಡ್ ಹೊಂದಲಿ. ಪ್ರೂಫ್ 66 ಮತ್ತು 69ರ ನಡುವೆ ಬೆಲೆ ಏಣಿಯಂತೆ ಏರದೆ ಕೊನೆಯ ಒಂದು ಅಂಕಕ್ಕೇ ದುಪ್ಪಟ್ಟಾಗುವುದುಂಟು. ಉಬ್ಬು ಬಿಳಿ, ಬಯಲು ಕಪ್ಪು ಕನ್ನಡಿಯಾಗಿ ಎರಡೂ ಬದಿ ಸ್ಪಷ್ಟ ಕಂಡರೆ ಗ್ರೇಡಿಂಗ್ ಸಂಸ್ಥೆಗಳಲ್ಲಿ ಪಿಸಿಜಿಎಸ್‌ನವರು ಡೀಪ್ ಕ್ಯಾಮಿಯೋ ಎನ್ನುತ್ತಾರೆ, ಎನ್‌ಜಿಸಿಯವರು ಅಲ್ಟ್ರಾ ಕ್ಯಾಮಿಯೋ. 1970ರ ಸುಮಾರಿನ ಪ್ರೂಫ್‌ಗೆ ಅದಿದ್ದರೆ ಬೆಲೆ ಬೇರೆಯೇ.

ಗ್ರೇಡಿಂಗ್ ಸಂಸ್ಥೆಗಳ ಸಂಖ್ಯಾಪಟ್ಟಿ ನೋಡುವಾಗ ಒಂದು ಎಚ್ಚರ: ಹೆಚ್ಚು ಗ್ರೇಡ್ ಆಸೆಗೆ ಒಂದೇ ನಾಣ್ಯವನ್ನು ಸ್ಲ್ಯಾಬ್ (ಗ್ರೇಡಿಂಗ್‌ನವರು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ಒಡೆದು ಮತ್ತೆ ಕಳಿಸಿದರೆ ಅದು ಎರಡಾಗಿ ಎಣಿಕೆಯಾಗುತ್ತದೆ. ಹಾಗೆಯೇ ಪಟ್ಟಿಯಲ್ಲಿ ಕಡಿಮೆ ಇದೆ ಎಂದರೆ ಅಪರೂಪ ಎಂದೇ ಅಲ್ಲ, ಯಾರೂ ಕಳಿಸದೆಯೂ ಇರಬಹುದು. ಭಾರತದ ಪ್ರೂಫ್‌ಗಳಲ್ಲಿ ಇದು ತುಂಬಾ ಆಗುತ್ತದೆ.

ಪಾಲಿಗೆ ಯಾವ ಅಂಕಿ ಹಿಡಿಯಬೇಕು ಎಂಬುದರಲ್ಲೇ ಹೆಚ್ಚು ಜಗಳ. ಉದಾಹರಣೆಗೆ ಹರಾಜಿನಲ್ಲಿ ಸುತ್ತಿಗೆ ಬಿದ್ದದ್ದು, ಅಂದರೆ ಕೊನೆಯ ಕೂಗು, 40,000 ರೂ. ಎಂದಿಟ್ಟುಕೊಳ್ಳಿ. ಹರಾಜು ಸಂಸ್ಥೆ ಕೊಳ್ಳುವವರ ಮೇಲೆ ಹಾಕುವ ಶೇ. 20 ಶುಲ್ಕ ಸೇರಿ ಜಾಲತಾಣದಲ್ಲಿ 48,000 ಎಂದು ಕಾಣುತ್ತದೆ. ಮಾರುವವರಿಂದ ಶೇ. 10 ಕಮಿಷನ್ ಹೋದರೆ ಕೈಗೆ 36,000, ತೆರಿಗೆ, ವಿಮೆ, ಗ್ರೇಡಿಂಗ್ ಖರ್ಚು ಬೇರೆ. ನಾಣ್ಯ ಇಟ್ಟುಕೊಳ್ಳುವವರು 36,000ದ ಲೆಕ್ಕದಲ್ಲಿ ಉಳಿದಿಬ್ಬರಿಗೆ ಕೊಟ್ಟರೆ ನ್ಯಾಯ. 48,000 ಎಂದು ಪಟ್ಟು ಹಿಡಿದರೆ ಇಟ್ಟುಕೊಳ್ಳುವವರಿಗೆ ಅನ್ಯಾಯ.

ಸೋಮವಾರಪೇಟೆ_ಟಂಕ

ಗ್ರೇಡಿಂಗ್‌ಗೆ ಹೊರದೇಶಕ್ಕೆ ಕಳಿಸುವ ಮುನ್ನ ಕಾನೂನು ಗೊತ್ತಿರಲಿ. 100 ವರ್ಷ ದಾಟಿದ ನಾಣ್ಯ ಪುರಾವಸ್ತು, 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ರಫ್ತು ಮಾಡುವಂತಿಲ್ಲ. 1911ರ ರೂಪಾಯಿ, 1902ರ ಸವರನ್ ಎರಡೂ ಇದರೊಳಗೆ ಬರುತ್ತವೆ, ‘ವಾಪಸ್ ಬರುತ್ತದಲ್ಲ’ ಎಂಬ ಸಬೂಬು ನಡೆಯದು. ಡೈಮ್ ಸೆಟ್‌ಗೆ ಆ ತೊಡಕಿಲ್ಲ. ಅದನ್ನು ಗ್ರೇಡಿಂಗ್ ಸಂಸ್ಥೆಯ ಅಧಿಕೃತ ಡೀಲರ್ ಮೂಲಕ, ಡಬ್ಬಿ ಸಮೇತ, ಅರ್ಜಿಯಲ್ಲಿ ವೆರೈಟಿಯ ಹೆಸರು ಬರೆದು ಕಳಿಸಿ. ಹೆಸರು ಬರೆದು ಶುಲ್ಕ ಕಟ್ಟದಿದ್ದರೆ ಬರೀ ಗ್ರೇಡ್ ಹಾಕಿ ಕಳಿಸುವ ಸಂಭವ ಇದೆ.

ಪೊನ್ನಂಪೇಟೆ_ಸವರನ್

ಪಾಲು ತೀರ್ಮಾನ ಆಗುವವರೆಗೆ ಮಳೆಗಾಲ ಬಂದರೆ ಎಂಬ ಚಿಂತೆ ನನಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮರದ ಬೀರು ನಾಣ್ಯಕ್ಕೆ ಒಳ್ಳೇ ಜಾಗ ಅಲ್ಲ, ತೇವದ ಜೊತೆ ಮರದಿಂದ ಆಮ್ಲದ ಆವಿಯೂ ಬರುತ್ತದೆ. ರಬ್ಬರ್ ಬ್ಯಾಂಡ್, ನುಸಿಗುಳಿಗೆ, ಮೆತ್ತನೆಯ ಪಿವಿಸಿ ಕವರ್ ಹತ್ತಿರವೂ ಇರಬಾರದು. ಗಾಳಿಯಾಡದ ಗಟ್ಟಿ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಶೇ. 40ರ ಆಸುಪಾಸು ನಿಂತರೆ ಸಾಕು, ಏರಿದರೆ ಜೆಲ್ ತೆಗೆದು ಓವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ತಣಿದ ಮೇಲೆ ಒಳಗಿಡಿ.

ಪಿವಿಸಿಯ ಹಸಿರು ಅಂಟು ಈಗಾಗಲೇ ಕೂತಿದ್ದರೆ ಬಿಡಿ ನಾಣ್ಯವನ್ನು ಮಾತ್ರ, ಲ್ಯಾಬ್ ದರ್ಜೆಯ ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಿನಲ್ಲಿ ಕೆಲವು ನಿಮಿಷ ಮುಳುಗಿಸಿ. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡ. ಎರಡನೇ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು, ಒರೆಸದೆ, ಅಂಚಿನ ಮೇಲೆ ನಿಲ್ಲಿಸಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಒಲೆ ದೂರ ಇರಲಿ.

ವಿರಾಜಪೇಟೆ_ಸಂಗ್ರಹ

ಎಲ್ಲರಿಗೂ ತುಂಬಾ ಧನ್ಯವಾದ. ಡೈಮ್ ಸೆಟ್‌ನ ಬೆಸುಗೆಯ ಫೋಟೋ, ಸವರನ್ ಅಂಚಿನ ಫೋಟೋ ಮೊದಲು ತೆಗೆಸುತ್ತೇವೆ. ರೂಪಾಯಿಯಲ್ಲಿ ಗುಳ್ಳೆ ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿದರೆ ಸಾಕೇ?

ಮಡಿಕೇರಿ_ಲೂಪ್

ಸಾಲದು. ಹಗಲು ಬೆಳಕು ನಾಲ್ಕೂ ಕಡೆಯಿಂದ ಬಿದ್ದು ಗುಳ್ಳೆಯ ನೆರಳು ಅಳಿಸಿಹೋಗುತ್ತದೆ. ಕೋಣೆ ಕತ್ತಲು ಮಾಡಿ, ಒಂದೇ ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ. ನೆರಳು ದೀಪದ ಎದುರು ಬದಿಗೆ ಬಿದ್ದರೆ ಗುಳ್ಳೆ, ದೀಪದ ಕಡೆಗೇ ಬಿದ್ದರೆ ಗುಳಿ. ಗುಳಿ ಎಂದರೆ ನಾಣ್ಯಕ್ಕೆ ಆಮೇಲೆ ಆದ ಸವೆತ. ಎರಡು ಬದಿಯ ಫೋಟೋ ಒಂದೇ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಹಾಕಿ.